ಬಾಯಿ ತುಂಬಿಸಿ ನೋಡುವ ಕಾಕಾ

ದೇವರೇ ಪ್ರತ್ಯಕ್ಷನಾದರೂ ನಮ್ಮ ಕಾಕಾ ಕೈ ಮುಗಿಯುವವರಲ್ಲ. "ತಡೀರಿ, ನೀವು ಖರೇನ ದೇವರೇನು?" ಎಂದು ಪರೀಕ್ಷೆಗೆ ನಿಲ್ಲಿಸುವವರು! ಇಂಡಿಯಿಂದ ದಿನಾ ಬಸ್ಸು ಹಿಡಿದು ವಿಜಯಪುರದ ಲ್ಯಾಬಿಗೆ ಹೋಗುವ ವಿಜ್ಞಾನಿ ಅವರು. ಅವರ ಕೈಕೆಳಗೆ ಸಂಶೋಧನೆಗೆ ಸೇರಿದ ನತದೃಷ್ಟೆ, ಅವರ ಅಣ್ಣನ ಮಗಳು, ನಾನು.

ನಮ್ಮದು ಆ್ಯಂಟಿಬಾಡಿಗಳ ಜೊತೆ ಏಗುವ ಕೆಲಸ. ತನ್ನ ಪ್ರೋಟೀನನ್ನು ಹುಡುಕಿ ಕಚ್ಚಿಕೊಳ್ಳುವುದು ಆ್ಯಂಟಿಬಾಡಿಯ ಕಸುಬು. ಕಚ್ಚಿದಲ್ಲಿ ಸ್ಲೈಡಿನ ಮೇಲೆ ಕಂದು ಬಣ್ಣ ಬರುತ್ತದೆ. ನನ್ನ ಸ್ಲೈಡಿನಲ್ಲಿ ಬಣ್ಣ ಬಂದ ದಿನ ಲ್ಯಾಬಿಗೆಲ್ಲ ಪೇಢಾ ಹಂಚಿದೆ. ಕಾಕಾ ಪೇಢಾ ಜಗಿಯುತ್ತಲೇ ಕೇಳಿದರು: "ಬ್ಲಾಕ್ ಮಾಡಿ ನೋಡಿದೇನು?"

ಅಂದರೆ, ಆ ಪ್ರೋಟೀನಿನದೇ ಒಂದು ಚೂರನ್ನು, ಪೆಪ್ಟೈಡನ್ನು, ಮೊದಲೇ ಕೊಟ್ಟು ಆ್ಯಂಟಿಬಾಡಿಯ ಬಾಯಿ ತುಂಬಿಸುವುದು. ಆಮೇಲೆ ಬಣ್ಣ ಮಾಯವಾದರೆ ಅದು ಹುಡುಕುತ್ತಿದ್ದುದು ಆ ಪ್ರೋಟೀನನ್ನೇ. ಬಾಯಿ ತುಂಬಿದ ಮೇಲೂ ಬಣ್ಣ ಬಂದರೆ? ಕಂಡಕಂಡದ್ದಕ್ಕೆಲ್ಲ ಅಂಟಿಕೊಳ್ಳುವ ಜಾತಿ! ನನ್ನದು ಆ ಜಾತಿಯದೇ ಆಗಿತ್ತು. "ಇನ್ನೊಮ್ಮೆ ಮಾಡು" ಎಂದರು ಕಾಕಾ, ಎರಡನೇ ಪೇಢಾಕ್ಕೆ ಕೈ ಹಾಕುತ್ತ.

ಈ ಚಟ ಲ್ಯಾಬಿನಲ್ಲೇ ಉಳಿದಿದ್ದರೆ ಪುಣ್ಯ. ಅವರ ಮಗಳನ್ನು ನೋಡಲು ಬಂದ ಸಿಂದಗಿಯ ವರ, ಗಡದ್ದಾಗಿ ಹೋಳಿಗೆ ಉಂಡು, "ಹುಡುಗಿ ಮನಸಿಗೆ ಬಂದಾಳ್ರಿ" ಎಂದಿದ್ದ. ಮನಸ್ಸಿಗೆ ಬಂದದ್ದು ಹುಡುಗಿಯೋ, ಹೋಳಿಗೆಯೋ? ಎರಡನೇ ಸಲ ಬಂದಾಗ ಕಾಕಾ ಹುಡುಗಿಯನ್ನು ಕರೆಯುವ ಮೊದಲೇ ಹೋಳಿಗೆ, ತುಪ್ಪ ಬಡಿಸಿದರು, ಬಡಿಸಿದರು, ಬಡಿಸುತ್ತಲೇ ಹೋದರು. ಅವಳು ಚಹಾ ಹಿಡಿದು ಬರುವ ಹೊತ್ತಿಗೆ ವರ ಲೋಡುದಿಂಬಿಗೆ ಒರಗಿ ಗೊರಕೆ ಹೊಡೆಯುತ್ತಿದ್ದ! "ನೋಡು, ಬಣ್ಣ ಹೋತು!" ಎಂದು ಕಾಕಾ ನನ್ನ ಕಿವಿಯಲ್ಲಿ ಹೇಳಿದರು. ಅವರ ಹೆಂಡತಿ, ನಮ್ಮ ಕಾಕು, ಅವರೊಡನೆ ಮಾತು ಬಿಟ್ಟರು. ಬಿಟ್ಟದ್ದು ಕಾಕಾರ ಗಮನಕ್ಕೇ ಬರಲಿಲ್ಲ.

ಇಂಥ ಮನುಷ್ಯ ಒಂದೇ ಒಂದು ಪರೀಕ್ಷೆಗೆ ಹೆದರುತ್ತಿದ್ದರು. ಆಯಿಗೆ, ಅಂದರೆ ಅವರ ತಾಯಿಗೆ, ಮರೆವು. ಬಾಗಿಲಿಗೆ ಬಂದವರೆಲ್ಲ ಅವಳಿಗೆ ಮಗನೇ. ಹಾಲಿನವನಿಗೂ "ಬಂದೇನಪಾ ಮಗಾ?", ಸಂಜೆ ಬಸ್ಸಿಳಿದು ಬಂದ ಕಾಕಾರಿಗೂ "ಬಂದೇನಪಾ ಮಗಾ?" ತಮ್ಮ ಗುರುತು ಅವಳಿಗೆ ನಿಜಕ್ಕೂ ಉಳಿದಿದೆಯೇ? ಕಾಕಾ ಆ ಮಾತನ್ನೇ ಎತ್ತುತ್ತಿರಲಿಲ್ಲ.

ನನಗೆ ಸ್ಲೈಡಿನ ಸಿಟ್ಟು ಇನ್ನೂ ಇತ್ತಲ್ಲ! "ಬ್ಲಾಕ್ ಮಾಡಿ ನೋಡ್ರಿ ಕಾಕಾ" ಎಂದು ಚುಚ್ಚಿದೆ. "ಆಯಿ ಕೈಯಾಗ ನಿಮ್ಮ ಕೈ ಕೊಟ್ಟು ಕುಂಡ್ರಿ. ಹಾಲಿನವ ಬರ್ಲಿ." ಮಗನನ್ನು ಹಿಡಿದುಕೊಂಡೂ ಹಾಲಿನವನನ್ನು ಮಗಾ ಎಂದರೆ, ಅವಳಿಗೆ ಇಬ್ಬರೂ ಒಂದೇ.

ರವಿವಾರ ಕಾಕಾ ಕುಳಿತರು. ಆಯಿಯ ಕೈಯಲ್ಲಿ ತಮ್ಮ ಕೈ ಇಟ್ಟರು. ಹಾಲಿನವ ಕ್ಯಾನು ಇಳಿಸಿ, "ಬಂದೀನ್ರಿ ಆಯಿ" ಎಂದ. ಆಯಿ ಮಗನ ಎರಡೂ ಕೈ ಬಿಗಿಯಾಗಿ ಹಿಡಿದು ಹಾಲಿನವನನ್ನು ದಿಟ್ಟಿಸಿದಳು.

"ಯಾರಪಾ ನೀ? ನನ್ನ ಮಗಾ ಇಲ್ಲೇ ಕುಂತಾನಲ್ಲ!"

ನಾನು ಬಿಡುತ್ತೇನೆಯೇ? "ಇನ್ನೊಮ್ಮೆ ಮಾಡೂಣೇನ್ರಿ ಕಾಕಾ?" ಎಂದೆ.

"ಬ್ಯಾಡವಾ" ಎಂದರು. ಕಣ್ಣೊರೆಸಿಕೊಳ್ಳಲು ಅವರಿಗೊಂದು ಕೈ ಬೇಕಾಗಿತ್ತು. ಆಯಿ ಬಿಡಲಿಲ್ಲ.