ಮಾವಿನ ಗಿಡದ ಕೋಟು

"ಇಂದು ರಾತ್ರಿ ಹಿಮ ಬೀಳುವ ಸಂಭವ," ಎಂದಿತು ರೇಡಿಯೊ. ಟೈಲರನ ಕತ್ತರಿ ಅರ್ಧಕ್ಕೇ ನಿಂತಿತು. ಹಿತ್ತಲ ಡ್ರಮ್ಮಿನಲ್ಲಿ ಅವನ ಮಾವಿನ ಗಿಡವಿತ್ತು. ಗಿಡದಲ್ಲಿ ಒಂದೇ ಒಂದು ಮಾವು.

ಆ ಚಳಿಯೂರಲ್ಲಿ ಮಾವು ಬೆಳೆಸುವುದು ಹುಚ್ಚೇ ಸರಿ. ಆದರೆ ಅವನ ಹೆಂಡತಿ ಸೆಕೆಯ ಊರಿನವಳು. ಮದುವೆಯಾಗಿ ಬಂದ ಹೊಸತರಲ್ಲಿ ಮಾವು ನೆನೆದು ಕಣ್ಣು ತುಂಬಿಕೊಂಡಿದ್ದಳು. ಅವಳೆಂದರೆ ಜೀವ ಬಿಡುವ ಟೈಲರ್ ಆ ವಾರವೇ ಗೊರಟೆ ಊರಿದ್ದ. ಏಳು ವರ್ಷ ಮಗುವಿನಂತೆ ಸಾಕಿದ್ದ. ಇನ್ನು ಹದಿನೈದು ದಿನಕ್ಕೆ ಹಣ್ಣಾಗುತ್ತದೆ ಎನ್ನುವಾಗ ಈ ಹಿಮ!

"ಗೋಣಿ ಸುತ್ತಿ," ಎಂದ ಪಕ್ಕದ ಸೈಕಲ್ ರಿಪೇರಿಯವನು.

"ಗೋಣಿ ಚುಚ್ಚಲ್ವೇನೋ? ಬಟ್ಟೆ ಹೊಲಿದು ಹತ್ತಿ ತುಂಬಪ್ಪಾ," ಎಂದರು ಎದುರುಮನೆ ಅಜ್ಜಿ.

ಬಿಟ್ಟಿ ಸಲಹೆಗೆ ಬರವೇ? ಟೈಲರ್ ಎಲ್ಲವನ್ನೂ ಕೇಳಿ, ಗಿಡದ ಅಳತೆ ತೆಗೆದು, ದಿನವಿಡೀ ತುಂಡುಬಟ್ಟೆ ಜೋಡಿಸಿ ಹೊಲಿದ. ಸಂಜೆ ನೋಡಿದರೆ ಬಟ್ಟೆ ಗಿಡದ ಸೊಂಟಕ್ಕೇ ಮುಗಿದಿತ್ತು. ಮೊಳೆಯಲ್ಲಿ ಹೆಡ್‌ಮಾಸ್ಟರ ಹೊಸ ಉಣ್ಣೆಕೋಟು ನೇತಾಡುತ್ತಿತ್ತು. ಕತ್ತಲಾಗುತ್ತಿತ್ತು. ಹಿಂದೆಮುಂದೆ ನೋಡದೆ ಅದನ್ನೇ ಗಿಡಕ್ಕೆ ತೊಡಿಸಿ ಗುಂಡಿ ಹಾಕಿದ.

ಅಷ್ಟರಲ್ಲಿ ಹೆಡ್‌ಮಾಸ್ಟರು ನಡುಗುತ್ತಾ ಬಂದೇಬಿಟ್ಟರು. "ನನ್ನ ಕೋಟೆಲ್ಲಯ್ಯಾ?"

"ಟ್ರಯಲ್ ನೋಡ್ತಿದೀನಿ ಸಾರ್."

"ಯಾರ ಮೇಲೆ?"

ಸೈಕಲ್‌ನವನ ಜೊತೆ ಗಿಡ ನೋಡಲು ಬಂದಿದ್ದ ಅಜ್ಜಿ ಮೆಲ್ಲಗೆ ಹಿತ್ತಲ ಕಡೆ ಬೆರಳು ತೋರಿಸಿದರು. ಹೆಡ್‌ಮಾಸ್ಟರು ಹಿತ್ತಲಿಗೆ ಹೋಗಿ ಗಿಡವನ್ನು ಮೇಲಿಂದ ಕೆಳಗೆ ನೋಡಿದರು. "ಭುಜ ನನಗಿಂತ ಇದಕ್ಕೇ ಚೆನ್ನಾಗಿ ಕೂತಿದೆಯಲ್ಲಯ್ಯಾ! ಹೋಗ್ಲಿ, ಇವತ್ತೊಂದು ರಾತ್ರಿ ಇಟ್ಕೋ. ಆ ಮಾವನ್ನಾದ್ರೂ ತೋರಿಸು."

ಟೈಲರ್ ಹೆಮ್ಮೆಯಿಂದ ಗುಂಡಿ ಬಿಚ್ಚಿದ. ಎಲೆ ಸರಿಸಿದ. ಮತ್ತೆ ಸರಿಸಿದ. ಬರೀ ತೊಟ್ಟು!

"ಯಾರ್ರೀ ಕಿತ್ತಿದ್ದು?" ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಯಾರೂ ಕೇಳದಿದ್ದರೂ ಸೈಕಲ್‌ನವನು ಜೇಬು ಝಾಡಿಸಿ ತೋರಿಸಿದ.

ಒಳಗಿಂದ ಹೆಂಡತಿ ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ಹಸಿರು ಹೋಳು, ಮೇಲೆ ಉಪ್ಪುಖಾರ. "ಎಲ್ರೂ ತಗೊಳ್ಳಿ. ಹಿಮ ಬಿದ್ರೆ ಹಾಳಾಗುತ್ತಲ್ಲಾಂತ ಮಧ್ಯಾಹ್ನವೇ ಕಿತ್ತೆ."

"ಹೂ ಬಿಟ್ಟಾಗ ನೀನೇ ಅಂದೆಯಲ್ಲೇ, ಕಾಯ್ಬೇಕು ಅಂತ! ಅವತ್ತಿಂದ ಹಗಲೂ ರಾತ್ರಿ ಕಾಯ್ತಾ ಇದೀನಿ!"

"ಅಯ್ಯೋ ನನ್ನ ರಾಯರೇ! ನಾನಂದಿದ್ದು ಕಾಯಿ ಬೇಕು ಅಂತ. ಹಣ್ಣು ಯಾರಿಗೆ ಬೇಕಿತ್ತು?"

ನಕ್ಕೂ ನಕ್ಕೂ ಮೊದಲ ಹೋಳನ್ನು ಅವನ ಬಾಯಿಗೇ ಇಟ್ಟಳು. ಹುಳಿಗೆ ಅವನ ಕಣ್ಣಲ್ಲಿ ನೀರು ಬಂತು. ಅವಳು ಮಾತ್ರ ತವರಿಗೆ ಹೋದವಳ ಹಾಗೆ ಕಣ್ಣು ಮುಚ್ಚಿ ತಿನ್ನುತ್ತಿದ್ದಳು. ಆ ಮುಖ ನೋಡಿ ಅವನಿಗೆ ಕೋಪ ಬರಲೇ ಇಲ್ಲ.

"ಮುಂದಿನ ವರ್ಷ ಏನ್ಮಾಡ್ಲಿ? ಈಗಲೇ ಬಿಡಿಸಿ ಹೇಳ್ಬಿಡು," ಎಂದ.

ಬಾಯ್ತುಂಬ ಹೋಳಿಟ್ಟುಕೊಂಡೇ ಅವಳು ಹೇಳಿದಳು: "ಕಾಯ್ಬೇಕು."