ಹನ್ನೊಂದು ಲಕ್ಷದ ಅಡವಿ ಮನಿ

ಹನ್ನೊಂದು ಲಕ್ಷಕ್ಕೆ ಮೂರು ಖೋಲಿಯ ಒಂದು ಹಳೇ ಮನೆ, ಹಿಂದೆ ಇಂದೋ ನಾಳೆಯೋ ಬೀಳುವಂಥ ಕಲ್ಲಿನ ದನದ ಕೊಟ್ಟಿಗೆ, ಸುತ್ತ ಅಡವಿ. ನಿಪ್ಪಾಣಿಯಲ್ಲಿ ಮೂವತ್ತು ವರ್ಷ ತಂಬಾಕು ವ್ಯಾಪಾರ ಮಾಡಿದ ಮೇಲೆ ನಾನು ಕುದುರಿಸಿದ ಸೌದಾ ಇದು. ರಜೆ ಬಂದಾಗ ನಮ್ಮ ಮೂವರು ಅಣ್ಣತಮ್ಮಂದಿರ ಸಂಸಾರ ಒಂದೇ ಕಡೆ ಇರಲಿ ಅಂತ. ಅವ್ವ ಮಾತ್ರ ಕರಾರು ಹಾಕಿದಳು: "ದೀಪಾವಳಿಗೆ ಹತ್ತೊಂಬತ್ತು ಮಂದೀನೂ ಅಲ್ಲೇ ಮಲಗಬೇಕು. ಒಬ್ಬರು ಲಾಡ್ಜಿಗೆ ಹೋದ್ರೂ ಮನಿ ಮಾರಿಬಿಡಬೇಕು."

ಇನ್ನೊಂದು ಖೋಲಿ ಕಟ್ಟಿಸಲು ನನ್ನ ಕೈ ಮುಂದೆ ಬರಲಿಲ್ಲ. ರಿಪೇರಿಗಷ್ಟೇ ಇಳಿದೆ. ಅರ್ಧ ಕನ್ನಡ, ಅರ್ಧ ಮರಾಠಿ ಮಾತಾಡುವ ನಮ್ಮ ಸೀಮೆಯಲ್ಲಿ ಮನೆ ಕೆಲಸಕ್ಕೆ ಕೈ ಹಾಕಿದವನಿಗೆ ಇಂಥವು ಆಗುತ್ತಲೇ ಇರುತ್ತವೆ.

ಪುಕ್ಕಟೆ ಗಾಳಿ

ಮನೆ ತೋರಿಸಲು ಬಂದ ಮಾಲಕ ಹದಿನಾಲ್ಕು ಲಕ್ಷದಿಂದ ಕೆಳಗೆ ಇಳಿಯಲೊಲ್ಲ. "ಶೇಠ್ರ, ಇಲ್ಲಿ ಗಾಳಿ ಪುಕ್ಕಟ ಐತ್ರಿ" ಅಂದ.

ನಾನು ತಲೆ ಎತ್ತಿದೆ. ಹಂಚಿನ ನಡುವೆ ಆಕಾಶ ಕಾಣುತ್ತಿತ್ತು. "ಬಿಸಿಲೂ ಪುಕ್ಕಟ, ಮಳಿನೂ ಪುಕ್ಕಟ. ಮತ್ತ ರೊಕ್ಕ ಯಾವುದಕ್ಕ ಕೇಳಾಕತ್ತೀಯೋ ಮಾರಾಯಾ?" ಅಂದೆ.

ಹನ್ನೊಂದಕ್ಕೆ ಇಳಿದ.

ಮಲಗಿದ ಕಿಡಕಿ

ಕಿಡಕಿ ಮಾಡುವ ಬಡಿಗ ಮರಾಠಿಯವ. ಫೋನಿನಲ್ಲಿ ಹೇಳಿದೆ: "ಪಡಸಾಲಿ ದೊಡ್ಡ ಕಿಡಕಿ ಅಡವಿ ಕಡೆ ಕೂಡಸು."

ಹೋಗಿ ನೋಡಿದರೆ ಆಳೆತ್ತರದ ಕಿಡಕಿ ಗೋಡೆಯಲ್ಲಿ ಅಡ್ಡ ಮಲಗಿದೆ! ಮರಾಠಿಯಲ್ಲಿ 'ಆಡವಿ' ಅಂದರೆ ಅಡ್ಡ.

"ನೀವ ಹೇಳೀರಿ ಶೇಠ್, ಆಡವಿ ಅಂತ. ನಂಗೂ ವಿಚಿತ್ರ ಅನಸ್ತು. ದೊಡ್ಡಾವ್ರ ಹೌಸ್, ಶೋಕಿ ಅಂತ ಸುಮ್ಮನಾದೆ" ಅಂದ ಬಡಿಗ.

ನಾನು ಬೈಯಲು ಬಾಯಿ ತೆಗೆಯುವಷ್ಟರಲ್ಲಿ ಹೆಂಡತಿ ತಡೆದಳು: "ಇರ್ಲಿ ಬಿಡ್ರಿ. ಸೂಟಿ ಕಳಿಯೂ ಮನಿ ಅಲ್ಲಾ? ಕಿಡಕೀನೂ ಮಲಕೊಳ್ಳಲಿ."

ಮೂರು ಸಲ 'ಮಾಡಿ'

ಹಂಚು ಇಳಿಸಿ ಸ್ಲ್ಯಾಬ್ ಹಾಕಿಸಿದೆವು. ಇಂಜಿನಿಯರ್ ಮೈಸೂರು ಕಡೆಯವರು, ಮರಾಠಿ ಒಂದಕ್ಷರ ಬರದು. ಗೋಡೆ ಕಟ್ಟುವ ಗೌಂಡಿಗೆ ಮರಾಠಿ ಬಿಟ್ಟರೆ ಹರಕು ಕನ್ನಡ. ಇಬ್ಬರನ್ನೂ ನಂಬಿ ನಾನು ತಂಬಾಕು ಖರೀದಿಗೆ ಹೋದೆ. ಹದಿನೈದು ದಿನ ಬಿಟ್ಟು ಬಂದರೆ ಮನೆ ಎತ್ತರ ಬೆಳೆದಿತ್ತು. ಸ್ಲ್ಯಾಬಿನ ಮೇಲೆ ಎರಡು ಖೋಲಿ, ಅವುಗಳ ಮೇಲೆ ನಮ್ಮ ಹಳೇ ಹಂಚು. ಹಿಂದಿನ ಕೊಟ್ಟಿಗೆ ಮಾಯ, ಅದರ ಕಲ್ಲೆಲ್ಲ ಮೇಲಿನ ಗೋಡೆಯಲ್ಲಿ.

"ಯಾರ್ ಹೇಳಿದ್ರಲೇ ನಿನಗ?" ಅಂತ ಗೌಂಡಿಯನ್ನು ಕೇಳಿದೆ.

"ಇಂಜಿನಿಯರ್ ಸಾಹೇಬ್ರ ಹೇಳಿದ್ರಿ. ಸ್ಲ್ಯಾಬ್ ಆತು, 'ವರ ಕಾಯ್' ಅಂತ ಮರಾಠಿಯೊಳಗ ಕೇಳಿದೆ, ಮ್ಯಾಲ ಏನ್ ಅಂತ. ಮಾಡಿ ಅಂದ್ರು."

ಇಂಜಿನಿಯರಿಗೆ ಫೋನ್ ಹಚ್ಚಿದೆ. "ಅವ್ರು ಏನು ಕೇಳಿದ್ರೋ ನಂಗೆ ಅರ್ಥ ಆಗ್ಲಿಲ್ಲ ಸಾರ್. ಪಾಪ, ಕೆಲ್ಸ ನಿಲ್ಬಾರ್ದು ಅಂತ ಮಾಡಿ, ಮಾಡಿ, ಧೈರ್ಯವಾಗಿ ಮಾಡಿ ಅಂದೆ" ಅಂದರು.

ಮರಾಠಿಯಲ್ಲಿ 'ಮಾಡಿ' ಅಂದರೆ ಮೇಲಂತಸ್ತು! ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಗೌಂಡಿ ಹತ್ತಿರ ಬಂದು ಸಮಾಧಾನ ಮಾಡಿದ:

"ಶೇಠ್, ಸಾಹೇಬ್ರು ಮೂರ ಮಾಡಿ ಹೇಳಿದ್ರು. ನಿಮ್ಮ ಖರ್ಚ ನೋಡಿ ನಾನ ಒಂದಕ್ಕ ನಿಲ್ಲಿಸೇನಿ!"

ದೀಪಾವಳಿ ಮರುದಿನ ಬೆಳಿಗ್ಗೆ ಅವ್ವ ಮೆಟ್ಟಿಲು ಹತ್ತಿ ಇಳಿದು ಹಾಸಿಗೆ ಎಣಿಸಿದಳು. ಹತ್ತೊಂಬತ್ತೂ ಇದ್ದವು. ಕೊಟ್ಟಿಗೆ ಕಲ್ಲಿಗೆ, ಹಳೇ ಹಂಚಿಗೆ ದುಡ್ಡು ಕೊಡಬೇಕಿರಲಿಲ್ಲ. ಖರ್ಚಾದದ್ದು ಒಂದಿಷ್ಟು ಸಿಮೆಂಟು, ಹದಿನೈದು ದಿನದ ಕೂಲಿ. ಒಟ್ಟು ಲಾಭ: ಎರಡು ಖೋಲಿ, ಮಾರದೆ ಉಳಿದ ಮನೆ, ಮತ್ತು ನಾನು ಮುಂದಾಲೋಚನೆಯ ಮನುಷ್ಯ ಅನ್ನುವ ಹೆಸರು.