ನಾನು ಒಳ್ಳೆಯವಳಾದ ದಿನ

ಆಗ ನನಗೆ ಎಪ್ಪತ್ತೊಂದು ವರ್ಷ. ನಾಲ್ಕು ವರ್ಷದ ಹಿಂದಿನ ಮಾತು. ನನ್ನ ಸ್ವಭಾವ ಎಂಥದ್ದು ಎಂದು ಅಲ್ಲಿಯವರೆಗೆ ನಾನು ಯೋಚಿಸಿದವಳೇ ಅಲ್ಲ. ನೇರ ಮಾತಿನವಳು, ಅಷ್ಟೇ. ಉಪ್ಪು ಹೆಚ್ಚಾದ ಸಾರನ್ನು ರುಚಿ ಅಂದವಳಲ್ಲ, ಚೆಂದ ಇಲ್ಲದ ಕೂಸನ್ನು ಚೆಂದ ಅಂದವಳಲ್ಲ. ಇದು ದೊಡ್ಡ ಗುಣ ಎಂದೇ ತಿಳಿದಿದ್ದೆ.

ನಮ್ಮ ಮನೆಯವರು ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ತೂಗುತ್ತಿದ್ದರು. ಅವರು ಹೋದ ಮೇಲೆ ಅಲ್ಲೇ ಹತ್ತಿರದ ಎರಡು ಖೋಲಿಯ ಮನೆಯಲ್ಲಿ ನಾನೊಬ್ಬಳೇ. ಹಗಲೆಲ್ಲ ಬಾಗಿಲು ತೆರೆದೇ ಇಡುತ್ತಿದ್ದೆ. ಒಳಗೆ ಬರುತ್ತಿದ್ದದ್ದು ಧೂಳು.

ಸಂಕ್ರಾಂತಿಯ ದಿನ ಕೈಗೆ ಎಳ್ಳುಂಡೆ ಇಟ್ಟು, ಇನ್ನು ಮೇಲೆ ಸಿಹಿಯಾಗಿ ಮಾತಾಡಿ ಎನ್ನುವುದು ಪುಣೆಯ ಪದ್ಧತಿ. ಮೇಲಿನ ಮನೆಯ ಇಂದೂಬಾಯಿ ನಮ್ಮ ಬೆಳಗಾವಿ ಕಡೆಯವಳು. ಕುಂಕುಮಕ್ಕೆ ನನ್ನನ್ನು ಕರೆಯುವಂತಿಲ್ಲ, ಎಳ್ಳುಂಡೆಗೆ ಅಡ್ಡಿಯಿಲ್ಲ. ಎಲ್ಲರಿಗೂ ಒಂದೊಂದು ಕೊಟ್ಟವಳು ನನಗೆ ಎರಡು ಕೊಟ್ಟಳು.

"ನಿಮಗ ಒಂದು ಸಾಲೂದಿಲ್ರಿ ಕಾಕೂ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಎರಡನ್ನೂ ತಿಂದೆ. ಆಗ ಹೊಳೆಯಿತು: ನನ್ನ ಹೊಸ್ತಿಲು ಯಾರೂ ತುಳಿಯದಿರುವುದಕ್ಕೆ ನನ್ನ ಬಾಯಿಯೇ ಕಾರಣ. ನಾಳೆ ಸೂರ್ಯೋದಯದಿಂದ ನಾನು ಒಳ್ಳೆಯವಳಾಗತಕ್ಕದ್ದು ಎಂದು ನನಗೆ ನಾನೇ ಹುಕುಂ ಹೊರಡಿಸಿದೆ. ನಾಲ್ಕು ಜನ ಮನೆಗೆ ಬಂದರೆ ಸಾಕು.

ಬೆಳಿಗ್ಗೆ ತರಕಾರಿ ಗಾಡಿಯ ಬಾಳು ಬಂದ. ಅವನು ಸೊಲ್ಲಾಪುರದವನು. ದಿನಾ ಅವನ ಬದನೆಕಾಯಿ ಒಂದೊಂದನ್ನೂ ತಿರುವಿ, ಅದರ ಹುಳುಕು, ಅವನ ತಕ್ಕಡಿಯ ಹುಳುಕು ಎರಡನ್ನೂ ಎತ್ತಿ ಆಡುತ್ತಿದ್ದೆ. ಅವನೂ ಬಿಡುತ್ತಿರಲಿಲ್ಲ. ಅಂದು ಅಂದೆ:

"ಛಲೋ ಅವ ನೋಡಪ್ಪಾ. ನೀನ ಆರಿಸಿ ಹಾಕು."

ಬಾಳು ನನ್ನ ಮುಖವನ್ನೇ ನೋಡಿದ. "ಆಜೀ, ಆರಾಮ ಅದೀರಿಲ್ಲೋ? ತಬ್ಬೇತ ಬರೋಬ್ಬರಿ ಅದ ಇಲ್ಲೋ?"

"ಭಾಳ ಛಲೋ ಅದ."

ನಾಲ್ಕು ಬದನೆಕಾಯಿ ತೂಗಿ ಹಾಕಿದ. ಗಾಡಿ ತಳ್ಳಿಕೊಂಡು ಹೋದ. ಒಲೆಯ ಮೇಲಿನ ಹಾಲು ಇನ್ನೂ ಉಕ್ಕಿರಲಿಲ್ಲ, ವ್ಯಾಪಾರ ಮುಗಿದಿತ್ತು!

ಆಮೇಲೆ ಇಂದೂಬಾಯಿಯ ಒದ್ದೆ ಸೀರೆ, ಬಾಗಿಲ ಮುಂದೆ ಒಣಗಲು ಹಾಕಿದ್ದ ನನ್ನ ಹಪ್ಪಳದ ಮೇಲೆ ತೊಟ್ಟಿಕ್ಕಿತು. ನಾನು ತಲೆ ಎತ್ತಿದ ಕೂಡಲೇ ಅವಳು ಜಗಳಕ್ಕೆ ಸೆರಗು ಸಿಕ್ಕಿಸಿ ನಿಂತಳು.

"ತೋಯಲಿ ಬಿಡವಾ. ನೀರ ಅಲ್ಲೇನು?" ಎಂದೆ.

"ಹಾಂ... ಹೌದ್ರಿ... ಬರ್ತೀನ್ರಿ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಮಾತಾಡಲು ಒಂದು ನರಪಿಳ್ಳೆಯೂ ಉಳಿಯಲಿಲ್ಲ. ಪಿಂಪ್ರಿಯಲ್ಲಿರುವ ಮಗಳಿಗೆ ಫೋನು ಹಚ್ಚಿದೆ.

"ನಿನ್ನ ಮ್ಯಾಲ ನಂದೇನೂ ತಕರಾರಿಲ್ಲವಾ. ನಿನ್ನ ಗಂಡನೂ ಛಲೋ ಮನಿಶ್ಯಾ."

ಆ ಕಡೆಯಿಂದ ಸಣ್ಣ ದನಿ: "ಅವ್ವಾ, ಎದಿಯಾಗ ಏನರ ನೋವು ಅದ ಏನು?"

ಸಂಜೆಯ ಹೊತ್ತಿಗೆ ಮಗಳು ಬಂದಳು, ಅವಳ ಛಲೋ ಮನುಷ್ಯ ಬಂದ. ಇಂದೂಬಾಯಿ ಓಣಿಯ ಡಾಕ್ಟರನ್ನು ಕರೆತಂದಳು. ಬಾಳು ಗಾಡಿಯನ್ನು ಓಣಿಯಲ್ಲೇ ಬಿಟ್ಟು ಬಂದ. ಮನೆ ತುಂಬಿತು! ಚಹಾಕ್ಕೆ ಲೋಟ ಸಾಲಲಿಲ್ಲ.

ಡಾಕ್ಟರು ನಾಲಿಗೆ ತೋರಿಸಿ ಅಂದರು. ಊರ ಮಂದಿಯನ್ನು ಹೆದರಿಸಿದ ನಾಲಿಗೆಯನ್ನು ಎಲ್ಲರೂ ಬಗ್ಗಿ ನೋಡಿದರು.

"ಯಾವಾಗಿಂದ ಹಿಂಗ?"

"ಮುಂಜಾನಿಂದ್ರಿ!" ಎಂದಳು ಇಂದೂಬಾಯಿ. "ಒಂದು ಸಲನೂ ಬೈದಿಲ್ರಿ!"

ಮಗಳು ಅಳತೊಡಗಿದಳು.

ಆಗಲೇ ನಿಜ ಹೇಳಬಹುದಿತ್ತು. ಆದರೆ ನನ್ನ ಚಾಪೆಯ ಮೇಲೆ ಜನ ಕೂತಿದ್ದರು. ಮಗಳ ಕೈ ನನ್ನ ಹಣೆಯ ಮೇಲಿತ್ತು. ನಾನು ಸಣ್ಣಗೆ ನರಳಿದೆ. ಇನ್ನೊಮ್ಮೆ ನರಳಿದೆ. ಅದೇ ಜಾಸ್ತಿಯಾಯಿತು.

"ತಲಿಯೊಳಗ ಏನರ ಆಗಿರಬೇಕು, ದೊಡ್ಡ ದವಾಖಾನಿಗೆ ಒಯ್ಯಿರಿ," ಎಂದರು ಡಾಕ್ಟರು. ಅಳಿಯ ರಿಕ್ಷಾ ತರಲು ಎದ್ದ.

"ಏ, ನನಗೇನೂ ಆಗಿಲ್ಲೋ!" ಎಂದು ಕೂಗಿದೆ. "ನಾ ಒಳ್ಳೇಕಿ ಆಗಾಕತ್ತಿದ್ದೆ!"

ಮಗಳು ಹಣೆಯಿಂದ ಕೈ ತೆಗೆದಳು. "ಯಾರನ್ನ ಕೇಳಿ ಒಳ್ಳೇಕಿ ಆದಿ? ಆಫೀಸು ಬಿಟ್ಟು ಓಡಿ ಬಂದೀನಿ!"

ಗಳಿಗೆಯಲ್ಲಿ ಮನೆ ಖಾಲಿಯಾಯಿತು. ಬಾಳುವಿನ ಕೊತ್ತಂಬರಿಯನ್ನು ಅಷ್ಟರಲ್ಲಿ ಆಕಳು ತಿಂದಿತ್ತು. ಅವನು ಬೈಯಲೂ ಇಲ್ಲ.

ಲೋಟ ತೊಳೆಯುತ್ತ ಯೋಚಿಸಿದೆ. ನೇರ ಮಾತಿನವಳು ಎನ್ನುವುದೆಲ್ಲ ಬರೀ ಬಡಾಯಿ. ಬೈದರೆ ಜನ ತಿರುಗಿ ಬೈಯುತ್ತಾರೆ, ನಾನು ಮತ್ತೆ ಬೈಯುತ್ತೇನೆ, ಹೊತ್ತು ಹೋಗುತ್ತದೆ. ಹೊಗಳಿದರೆ ನಡೆದುಬಿಡುತ್ತಾರೆ. ನನಗೆ ಬೇಕಾಗಿದ್ದದ್ದು ಆ ತಿರುಗಿ ಬರುವ ಮಾತು. ಇಷ್ಟು ತಿಳಿಯಲು ಡಾಕ್ಟರು ಬರಬೇಕಾಯಿತು! ಬೈಯದೆ, ಹೊಗಳದೆ, ಸುಮ್ಮನೆ ಒಬ್ಬರ ಮನೆಗೆ ಹೋಗಿ ಕೂಡಬಹುದಲ್ಲ? ನನ್ನ ಜನ್ಮದಲ್ಲಿ ಅದನ್ನು ಮಾಡಿರಲಿಲ್ಲ.

ಮರುದಿನ ಬೆಳಿಗ್ಗೆ ಮೊಣಕಾಲು ಹಿಡಿದುಕೊಂಡು ಇಂದೂಬಾಯಿಯ ಮನೆಗೆ ಮೆಟ್ಟಿಲು ಹತ್ತಿದೆ. "ಏನೂ ಕೆಲಸಿಲ್ಲವಾ, ಸುಮ್ನ ಕೂಡಾಕ ಬಂದೆ," ಎನ್ನುವ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಬಾಗಿಲಿಗೆ ಬೀಗ. ಹಬ್ಬ ಮುಗಿಸಿ ತವರಿಗೆ ಹೋಗಿದ್ದಳಂತೆ. ನನಗೇನು ಗೊತ್ತು?

"ಇಷ್ಟು ಲಗೂ ಎಲ್ಲಿ ತಿರಗಾಕ ಹೋದ್ಯೇ?" ಎಂದು ಆ ಬೀಗಕ್ಕೆ ಬಾಯಿ ತುಂಬ ಬೈದೆ.

ಅದು ತಿರುಗಿ ಒಂದು ಮಾತೂ ಆಡಲಿಲ್ಲ.